ಎದೆನೋವು, ಕಾರ್ಡು ನಂಬರ್ ಏಳು

ಅಜ್ಮಾನಿನ ಮೆಡಿಕಲ್ ಕಾಲೇಜು, ಎರಡನೇ ಮಹಡಿ.
ಗಂಟೆಗೆ ಎಪ್ಪತ್ತು ದಿರ್ಹಮಿಗೆ
ಹಾಲಸ್ವಾಮಿಯವರಿಗೆ ಎದೆನೋವು.
ಕಾರ್ಡು ಓದಿ ಹೇಳುವವಳು ನಾನು, ಶಿರ್ವದ ನರ್ಸು:
ವಯಸ್ಸು ಐವತ್ತೆಂಟು. ದಿನಕ್ಕೊಂದು ಪ್ಯಾಕು.
ನೋವು ಎಡತೋಳಿಗೆ ಇಳಿಯುತ್ತದೆ.
ಸಿಗರೇಟಿನ ವಿಷಯ, ಕೇಳಿದರೆ ಮಾತ್ರ ಹೇಳಬೇಕು.

'ಅಳಬಹುದೇನು?' ಮೊದಲ ದಿನ ಕೇಳಿದರು.
ಕಾರ್ಡಿನಲ್ಲಿ ಇಲ್ಲ ಸರ್, ಅಂದೆ.
'ಛೇ' ಅಂದರು, ಕೂಲಿ ತಪ್ಪಿದವರ ಹಾಗೆ.

ಗುರುತು ಸಿಕ್ಕಿದ್ದು ಆ 'ಛೇ'ಯಿಂದಲೇ.
ರಾತ್ರಿ ಎಂಟೂವರೆಗೆ, ಗಂಜಿ ಆರುವ ಹೊತ್ತಿಗೆ,
ನನ್ನ ಅಮ್ಮ ಟಿವಿಗೆ ಹಿಡಿಸೂಡಿ ತೋರಿಸಿ
ಬಯ್ಯುತ್ತಿದ್ದುದು ಇವರನ್ನೇ:
ತಂಗಿಯ ಆಸ್ತಿ ನುಂಗಿದವ,
ಸೊಸೆಯ ಹಾಲಿಗೆ ಏನೋ ಬೆರೆಸಿದವ,
ಬಿಳಿ ಜುಬ್ಬಾದ ಗಿರಿಧರ.
ಸಾವಿರದ ನೂರ ಹದಿನಾಲ್ಕು ಕಂತು ಕೆಟ್ಟವನಾಗಿದ್ದು
ಗಳಿಸಿದ್ದು, ಸೊಸೈಟಿ ಸಾಲದ ಒಂದು ಸ್ಕೂಟರು.

ಅದಕ್ಕೂ ಹಿಂದೆ ನಾಟಕ ಕಂಪನಿ.
ಹರಪನಹಳ್ಳಿ, ಕೊಟ್ಟೂರು, ಮುಂಡರಗಿ ಕ್ಯಾಂಪು.
ಹನ್ನೆರಡಕ್ಕೆ ಹೆಣ್ಣುಪಾತ್ರ, ಮೀಸೆ ಬಂದ ಮೇಲೆ ಹಾಸ್ಯ,
ಹೊಟ್ಟೆ ಬಂದ ಮೇಲೆ ಗೌಡ.
ಸಿನಿಮಾ ಹದಿನೇಳು.
ಹದಿನಾರರಲ್ಲಿ ಹೀರೋ ಕೈಲಿ ಏಟು,
ಒಂದರಲ್ಲಿ ಮೊದಲಿಂದಲೂ ಹೆಣ.
ಮಲಗಿದ್ದಾಗ ಇರುವೆ ಕಚ್ಚಿತು.
'ಎರಡನೇ ಟೇಕು ತಗೊಳ್ಳಲಿಲ್ಲ ತಂಗಿ. ಬೇಕಾದರ ನೋಡು,
ಹೆಣದ ರೆಪ್ಪಿ ಇವತ್ತಿಗೂ ಅದುರತೈತಿ.'

ದಿನಕ್ಕೆ ಇನ್ನೂರು ಹೆಚ್ಚು ಕೊಡಿ ಎಂದು ಕೇಳಿದ ವಾರವೇ
ಸಂಭಾಷಣೆಯ ಹುಡುಗ ಬರೆದ:
ಗಿರಿಧರ ದುಬೈಗೆ ಹೋದ.
ಬಾಗಿಲಲ್ಲಿ ಸೂಟ್‌ಕೇಸು, ಒಂದು ಕ್ಲೋಸಪ್ಪು, ಮುಗಿಯಿತು.
ಸೂಟ್‌ಕೇಸು ಖಾಲಿ ಇತ್ತಂತೆ,
ಭಾರವನ್ನೂ ಇವರೇ ನಟಿಸಬೇಕಾಯಿತಂತೆ.

ಒಂಬತ್ತು ತಿಂಗಳು ಯಾರೂ ಕರೆಯಲಿಲ್ಲ.
ಆಮೇಲೆ ಶಾರ್ಜಾದ ಟೈಪಿಂಗ್ ಸೆಂಟರಿನಿಂದ
ಭಾವಮೈದ ಕಳಿಸಿದ ವೀಸಾ.
ಈ ಸಲ ಸೂಟ್‌ಕೇಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಪುಡಿ,
ಯಾಕೋ ಗೊತ್ತಿಲ್ಲ, ಆ ಜುಬ್ಬಾ.
ಏರ್‌ಪೋರ್ಟಿನಲ್ಲಿ ಕಣ್ಣಿನ ಫೋಟೋ ಮೂರು ಸಲ ತಪ್ಪಿತು.
ಕ್ಯಾಮರಾ ನೋಡು, ನೋಡು ಎನ್ನುತ್ತಾನೆ ಅಧಿಕಾರಿ.
ನೋಡಬಾರದು ಎಂದು ಕಲಿತ ಕಣ್ಣು
ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಈಗ ಎಂಟು ನಿಮಿಷಕ್ಕೊಂದು ಗಂಟೆ, ಗಂಟೆಗೊಬ್ಬ ವಿದ್ಯಾರ್ಥಿ.
ಇಂಗ್ಲಿಷನ್ನು ಕನ್ನಡದಲ್ಲಿ ಬರೆದು ಬಾಯಿಪಾಠ ಮಾಡಿದ್ದಾರೆ,
ಕಂಪನಿಯ ಕಾಲದ ಉರು.
ಮೊದಲನೆಯವನಿಗೂ ಹದಿನಾರನೆಯವಳಿಗೂ ಅದೇ ಬೆವರು.
ಕೊನೆಗೊಂದು ಹಾಳೆ:
ಡಾಕ್ಟರು ನಿಮ್ಮ ಮುಖ ನೋಡಿ ಮಾತಾಡಿದರೇ?
ಎಲ್ಲರಿಗೂ 'ಹೌದು' ಎಂದು ಗೀರುತ್ತಾರೆ,
ಗೋಡೆ ನೋಡಿದವರಿಗೂ.

ಹೋದ ಮಂಗಳವಾರ ಸುಡಾನಿನ ತಸ್ನೀಮ್
ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಇಟ್ಟಳು.
ಕೇಳಿದಳು. ಸರಿಸಿ ಮತ್ತೆ ಕೇಳಿದಳು.
ಪ್ರಶ್ನೆ ಕೇಳಲು ಹೊತ್ತೇ ಉಳಿಯಲಿಲ್ಲ.
ಬರೆದಳು: ಎರಡು ಬಡಿತದ ನಡುವೆ ಇನ್ನೊಂದು ಸದ್ದಿದೆ.
ಪರೀಕ್ಷಕರು ಅರ್ಧ ಅಂಕ ಕಳೆದರು.
ಕಾರ್ಡಿನಲ್ಲಿ ಅದಿಲ್ಲ.

ನಾನು ಇಟ್ಟು ಕೇಳಿದೆ. ಇತ್ತು.

ಇವತ್ತು ಎಕೋ ರೂಮಿನ ಹೊರಗೆ, ತಣ್ಣನೆಯ ಕುರ್ಚಿ,
ಕಾಗದದ ಕಪ್ಪಿನಲ್ಲಿ ಕರಕ್ ಚಹಾ,
ಫೋನಿನಲ್ಲಿ ನಿನ್ನೆಯ ಕಂತು.
ಗಿರಿಧರ ವಾಪಸು ಬಂದಿದ್ದಾನೆ.
ಎತ್ತರದ ಆಳು, ತಲೆತುಂಬ ಕೂದಲು.
ಅತ್ತಿಗೆ ಅವನ ಕೆನ್ನೆ ಮುಟ್ಟಿ ಅಳುತ್ತಾಳೆ:
'ದುಬೈ ಬಿಸಿಲಿಗೆ ಮುಖಾನೇ ಬದಲಾಗಿಬಿಟ್ಟಿದೆಯಲ್ಲೋ ಗಿರಿ!'

ಹಾಲಸ್ವಾಮಿ ಹಿಂದೆ ಎಳೆದು ಇನ್ನೊಮ್ಮೆ ನೋಡಿದರು.
'ಹುಡುಗ ಚಲೋ ಮಾಡ್ಯಾನ' ಅಂದರು.
'ಸೂಟ್‌ಕೇಸ್ ಮಾತ್ರ ಕೈ ಬೀಸಿ ಹಿಡದಾನ ನೋಡು.'

ಒಳಗಿಂದ ಕರೆದರು, ಹೆಸರು ಮುರಿದು: ಹಲ ಸಾಮಿ.
ಎದ್ದರು. ಕೈ ತಾನಾಗಿ ಎದೆಗೆ ಹೋಗಿ,
ನಾಚಿಕೊಂಡು ಕೆಳಗಿಳಿಯಿತು.
ಬಾಗಿಲಲ್ಲಿ ನಿಂತು, ತಿರುಗಿ, ದನಿ ಇಳಿಸಿ:
'ತಂಗಿ, ನಾನು ಸಿಗರೇಟು ಸೇದಂಗಿಲ್ಲ.
ಹೇಳಲೇನು?'